ಅವ್ವನ ಬಾಚಣಿಗೆಯನ್ನು ತೊಳೆದವರು ಯಾರು

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಕಟ್ಟಿಕೊಂಡದ್ದು ಎಂಬುದು ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಒಂದು ನಲ್ಲಿ ಇದೆ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಕಾರಿಡಾರಿನ ತುದಿಯಲ್ಲಿದ್ದ ನಲ್ಲಿ. ಅದರ ಮುಂದೆ ನನ್ನ ಗೆಳೆಯ ಅಂಗಿಯ ತೋಳು ಮಡಚಿಕೊಂಡು ಬಗ್ಗಿ ನಿಂತಿದ್ದಾನೆ. ನಮ್ಮ ಅವ್ವನ ಮರದ ಬಾಚಣಿಗೆಗೆ ಹಸಿರು ಸೋಪು ಹಚ್ಚಿ ತಿಕ್ಕುತ್ತಿದ್ದಾನೆ. ನೀರು ಅವನ ಚಪ್ಪಲಿಯ ಮೇಲೆ ಸಿಡಿಯುತ್ತಿದೆ. ಸೋಪಿನ ಬಣ್ಣ ಕೂಡ ನೆನಪಿರುವಾಗ ಇದು ಸುಳ್ಳಾಗುವುದು ಹೇಗೆ ಎಂದು ಹತ್ತು ಹನ್ನೆರಡು ವರ್ಷ ನಂಬಿಕೊಂಡಿದ್ದೆ. ವಿವರ ಹೆಚ್ಚಿದ್ದರೆ ಸಾಕ್ಷಿ ಗಟ್ಟಿ ಎಂದು ನನ್ನ ವಿದ್ಯಾರ್ಥಿ ಯಾರಾದರೂ ಬರೆದರೆ ಅಂಕ ಕಳೆಯುವವನು ನಾನು. ನನ್ನ ಉತ್ತರಪತ್ರಿಕೆಯನ್ನು ಮಾತ್ರ ನಾನು ತಿದ್ದಿರಲಿಲ್ಲ.

ಗೆಳೆಯ ಸೊರಬದವನು. ನಾನು ಶಿಕಾರಿಪುರದಿಂದ ತೊಗರ್ಸಿಗೆ ಹೋಗುವ ದಾರಿಯಲ್ಲಿರುವ ಹಳ್ಳಿಯವನು; ನಮ್ಮದು ಜೋಳದ ಹೊಲ, ಕುರಿ ಇರುವ ಮನೆ. ಇಬ್ಬರೂ ಒಬ್ಬರೇ ಮೇಷ್ಟ್ರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ಒಂದೇ ಕೋಣೆ, ಒಂದೇ ಯಂತ್ರ, ಅಳತೆ ಬರೆದಿಡಲು ಒಂದೇ ಪುಸ್ತಕ. ನಮ್ಮ ಕೆಲಸ ಟೆರಾಹರ್ಟ್ಸ್ ಅಲೆಗಳ ಮೇಲೆ. ಮೊಬೈಲ್ ಟವರಿನಿಂದ ಬರುವ ಅಲೆಗೂ ಒಲೆಯ ಕೆಂಡದಿಂದ ಮುಖಕ್ಕೆ ಬಡಿಯುವ ಶಾಖಕ್ಕೂ ನಡುವಿನ ಜಾತಿ ಇದು. ಬಟ್ಟೆ, ಕಾಗದ, ಒಣಮರದ ಒಳಗೆ ನುಸುಳಿ ಹೋಗುತ್ತದೆ. ನೀರು ಸಿಕ್ಕರೆ ಅಲ್ಲೇ ಇಂಗಿಹೋಗುತ್ತದೆ.

ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಹಗ್ಗದ ಮೇಲೆ ಒಂದು ಬಗೆಯ ಅಲೆ ಓಡುತ್ತದೆ. ಎಡಕ್ಕೂ ಬಲಕ್ಕೂ ಆಡಿಸಿದರೆ ಇನ್ನೊಂದು ಬಗೆಯದು. ಅಲೆ ಯಾವ ದಿಕ್ಕಿಗೆ ಆಡುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ಧ್ರುವೀಕರಣ ಎನ್ನುತ್ತಾರೆ. ಆ ದಿಕ್ಕನ್ನು ನಮಗೆ ಬೇಕಾದ ಹಾಗೆ ತಿರುಗಿಸುವುದು ಮೇಷ್ಟ್ರು ಕೊಟ್ಟ ಸಮಸ್ಯೆ. ಲೋಹದ ತಂತಿಗಳ ಜಾಲರಿಯಿಂದ ಆಗುವ ಕೆಲಸವಲ್ಲ. ಅದು ಒಂದು ದಿಕ್ಕನ್ನು ತಡೆದು ಇನ್ನೊಂದನ್ನು ಬಿಡುತ್ತದೆ. ಅರ್ಧ ಅಲೆ ಹಾಳು. ಅದರ ಬದಲು ವಿದ್ಯುತ್ತು ಸುಲಭವಾಗಿ ಹರಿಯದ ವಸ್ತುವಿನ, ಅಂದರೆ ಶುದ್ಧ ಸಿಲಿಕಾನಿನ ತಗಡಿನ ಮೇಲೆ ಅಲೆಯ ಉದ್ದಕ್ಕಿಂತ ಸಣ್ಣದಾದ ಚಪ್ಪಟೆ ಕಂಬಗಳನ್ನು ಸಾಲಾಗಿ ಕೆತ್ತಿದರೆ, ಅಲೆಗೆ ಒಂದೊಂದು ಕಂಬ ಬೇರೆಯಾಗಿ ಕಾಣುವುದೇ ಇಲ್ಲ. ಇಡೀ ಸಾಲು ಹೊಸದೊಂದು ವಸ್ತುವಿನ ಹಾಗೆ ವರ್ತಿಸುತ್ತದೆ. ಕಂಬಗಳ ಉದ್ದಕ್ಕೆ ಆಡುವ ಅಲೆ ನಿಧಾನ, ಅಡ್ಡಕ್ಕೆ ಆಡುವುದು ಬೇಗ. ಓರೆಯಾಗಿ ಬಂದ ಅಲೆಯ ಎರಡು ಪಾಲುಗಳಲ್ಲಿ ಒಂದು ಹಿಂದೆ ಬೀಳುತ್ತದೆ, ಹೊರಗೆ ಬಂದಾಗ ದಿಕ್ಕು ಬದಲಾಗಿರುತ್ತದೆ. ಯಾವುದನ್ನೂ ತಡೆಯುವುದಿಲ್ಲ, ಒಂದನ್ನು ಸ್ವಲ್ಪ ತಡಮಾಡುತ್ತದೆ, ಅಷ್ಟೆ.

ಕಾಗದದ ಮೇಲೆ ಅಷ್ಟೆ. ತಗಡು ಹೊರಗಡೆ ಕೆತ್ತಿಸಬೇಕಿತ್ತು. ಬರಲು ತಿಂಗಳುಗಟ್ಟಲೆ ಆಗುತ್ತಿತ್ತು. ಕಂಬಗಳ ಅಗಲ ಎಷ್ಟು, ಸಂದು ಎಷ್ಟು ಎಂದು ನಾವು ಲೆಕ್ಕ ಹಾಕುತ್ತಲೇ ಕೂತಿದ್ದೆವು. ಆ ದಿನಗಳಲ್ಲೊಮ್ಮೆ ಊರಿಗೆ ಹೋಗಿದ್ದಾಗ ಅವ್ವ ಅಂಗಳದ ಬಿಸಿಲಿನಲ್ಲಿ ಕೂತು ಅಕ್ಕನ ಮಗಳ ತಲೆ ನೋಡುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಹೇನು ತೆಗೆಯುವ ಮರದ ಬಾಚಣಿಗೆ. ಎರಡೂ ಕಡೆ ಒತ್ತೊತ್ತಾಗಿ ಹಲ್ಲು. ಆ ಹಲ್ಲುಗಳ ಸಂದು ನಮ್ಮ ಅಲೆಯ ಉದ್ದಕ್ಕಿಂತ ಕಡಿಮೆ ಎಂದು ನನಗೆ ಅಲ್ಲೇ ಹೊಳೆಯಿತು. ಸಿಲಿಕಾನಿನ ಕಂಬಗಳ ಬದಲು ಮರದ ಹಲ್ಲುಗಳು. ಇದು ಹೊಳೆದದ್ದು ನನಗೇ. ಇದರಲ್ಲಿ ನನಗೆ ಅನುಮಾನವಿಲ್ಲ, ಅಥವಾ ಇರಬಾರದು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಮರದ ಬಾಚಣಿಗೆಯನ್ನು ನೀರಿಗೆ ಹಾಕುವುದಿಲ್ಲ, ಹಲ್ಲು ಸೀಳುತ್ತದೆ. ಹಲ್ಲುಗಳ ನಡುವೆ ನೂಲು ಎಳೆದು ಕೊಳೆ ತೆಗೆದು, ಎಣ್ಣೆ ಸವರಿ, ಬಿಸಿಲಿಗೆ ಇಡುತ್ತಾರೆ. ನನ್ನ ತರ್ಕವೆಲ್ಲ ನಿಂತದ್ದು ಇದರ ಮೇಲೆ. ಬಾಚಣಿಗೆ ತೊಳೆದವನು ನಮ್ಮ ಮನೆಯವನಾಗಿರಲು ಸಾಧ್ಯವಿಲ್ಲ. ನನ್ನ ಗೆಳೆಯನೋ, ಕಿತ್ತಳೆ ಹಣ್ಣನ್ನೂ ತೊಳೆದು ಸಿಪ್ಪೆ ಸುಲಿಯುವವನು. ಆದ್ದರಿಂದ ತೊಳೆದವನು ಅವನೇ. ನಾನು ತಂದ ಬಾಚಣಿಗೆಯನ್ನು ಅವನು ತೊಳೆದ. ಒದ್ದೆ ಮರ ಅಲೆಯನ್ನೆಲ್ಲ ನುಂಗಿತು. ಪರದೆಯ ಮೇಲೆ ಸಪಾಟು ಗೆರೆ ಬಂತು. ಪ್ರಯೋಜನವಿಲ್ಲ ಎಂದು ನಾನು ಕೈಬಿಟ್ಟೆ. ಆಮೇಲೆ ಅವನು ಅದನ್ನು ಒಣಗಿಸಿ, ನಾನಿಲ್ಲದಾಗ ಓರೆಯಾಗಿ ನಿಲ್ಲಿಸಿ ಅಳೆದ. ಗೆರೆಯಲ್ಲಿ ಸಣ್ಣ ಉಬ್ಬು ಕಂಡಿತು. ಅಲೆ ಪೂರ್ತಿ ತಿರುಗಿರಲಿಲ್ಲ, ಸ್ವಲ್ಪ ವಾಲಿತ್ತು. ಆ ವಾಲಿದ್ದನ್ನು ಹಿಡಿದು ಲೆಕ್ಕ ಸರಿಮಾಡಿದ. ತಗಡು ಬಂದಾಗ ಅವನು ಹೇಳಿದಷ್ಟೇ ತಿರುಗಿತು. ಪ್ರಬಂಧದಲ್ಲಿ ಮೊದಲ ಹೆಸರು ಅವನದು, ಎರಡನೆಯದು ನನ್ನದು. ಬಾಚಣಿಗೆಯ ಸುದ್ದಿ ಎಲ್ಲೂ ಇರಲಿಲ್ಲ.

ಅವನು ದೊಡ್ಡ ಸಂಶೋಧನಾ ಸಂಸ್ಥೆಗೆ ಹೋದ. ನಾನು ಶಿಕಾರಿಪುರದ ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುತ್ತ ಉಳಿದೆ. ಇದರಲ್ಲಿ ದೂರುವಂಥದ್ದೇನಿಲ್ಲ, ನಾನೇ ಅರ್ಜಿ ಹಾಕಿ ಪಡೆದ ಕೆಲಸ. ಆದರೆ ಬೆಳಿಗ್ಗೆ ಮೊದಲ ಪಿರಿಯಡ್ಡಿಗೆ ಮುಂಚೆ ಆ ಪ್ರಬಂಧವನ್ನು ಹೊಸದಾಗಿ ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ನೋಡದೆ ನನಗೆ ಚಾಕ್‌ಪೀಸ್ ಹಿಡಿಯಲು ಆಗುತ್ತಿರಲಿಲ್ಲ. ಅವನು ಯಾವ ಸಮ್ಮೇಳನದಲ್ಲಿ ಯಾವ ಅಂಗಿ ಹಾಕಿಕೊಂಡಿದ್ದ ಎಂದು ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಾಗ ಅವನ ನೆತ್ತಿಯ ಕೂದಲು ತೆಳುವಾದದ್ದು ಕಂಡು ಇಡೀ ದಿನ ಲವಲವಿಕೆಯಿಂದ ಪಾಠ ಮಾಡಿದ್ದೆ.

ಕಳೆದ ವರ್ಷ ವಿಜ್ಞಾನ ದಿನಾಚರಣೆಗೆ ಅವನನ್ನೇ ಕರೆಯಬೇಕೆಂದು ನಮ್ಮ ಪ್ರಾಂಶುಪಾಲರು ಹಠ ಹಿಡಿದರು.

"ನಿಮ್ಮ ಜೊತೀಗೆ ಓದಿದೋರಂತಲ್ರೀ. ಇಷ್ಟು ವರ್ಷ ಒಂದ್ಸಲನೂ ಬಾಯಿ ಬಿಡ್ಲಿಲ್ಲ ನೀವು."

"ಪ್ರಸಂಗ ಬರಲಿಲ್ಲ ಸರ್."

"ಈಗ ಬಂತಲ್ರೀ. ಪರಿಚಯ ಭಾಷಣಾನೂ ನೀವೇ ಮಾಡ್ರಿ. ಅವರ ಬಗ್ಗೆ ನಿಮಗಿಂತ ಜಾಸ್ತಿ ಯಾರಿಗೆ ಗೊತ್ತೈತಿ?"

ಅದು ನಿಜವಾಗಿತ್ತು. ಅಂದೇ ನಾನು ಎರಡು ಪರಿಚಯ ಬರೆದೆ. ಒಂದರಲ್ಲಿ ಅವನ ಪದವಿಗಳಿದ್ದವು. ಇನ್ನೊಂದರಲ್ಲಿ ಬಾಚಣಿಗೆ ಇತ್ತು. ನನ್ನ ವಿದ್ಯಾರ್ಥಿಗಳ ಮುಂದೆ, ಅವನು ವೇದಿಕೆಯ ಮೇಲೆ ಕೂತಿರುವಾಗಲೇ, ಆ ಕೆಲಸದ ಬೇರು ನನ್ನದು ಎಂದು ಒಮ್ಮೆ ಗಟ್ಟಿಯಾಗಿ ಹೇಳಬೇಕು. ನನಗೆ ಬೇಕಾದದ್ದು ಅಷ್ಟೇ. ಬೇರೇನನ್ನೂ ನಾನು ಅಷ್ಟು ಬಯಸಿದ ನೆನಪಿಲ್ಲ.

ಹಿಂದಿನ ದಿನ ಅವನನ್ನು ಕಾಣಲು ಸೊರಬಕ್ಕೆ ಹೋದೆ. ಅವನು ಅಲ್ಲೇ ಊರಿನಲ್ಲಿರುವ ಅಕ್ಕನ ಮನೆಯಲ್ಲಿ ಇಳಿದುಕೊಂಡಿದ್ದ. ಅಕ್ಕ ಬಾಗಿಲಲ್ಲೇ ಹಿಡಿದುಕೊಂಡರು.

"ಅಂತೂ ಬಂದ್ಯನಾ ಮಾರಾಯಾ? ನನ್ನ ಮದ್ವೆಗೆ ಬಾ ಅಂದ್ರೆ ಕುರಿ ಉಣ್ಣೆ ಕತ್ತರ್ಸದು ಐತೆ ಅಂದ್ಯಂತೆ. ನನಗಿಂತ ಕುರಿನೇ ಹೆಚ್ಚಾತು ನಿಂಗೆ."

"ಹಂಗಲ್ಲ ಅಕ್ಕ, ಆವತ್ತೇ ಕತ್ತರಿಸೋರು ಬರೋದಿತ್ತು."

"ಹೌದಪ್ಪ. ಮುಹೂರ್ತ ಕುರಿಗೂ ಇರ್ತದೆ."

ಗೆಳೆಯ ಒಳಗಿನಿಂದ ನಗುತ್ತ ಬಂದ. ಕೈ ಒದ್ದೆಯಿತ್ತು, ಏನನ್ನೋ ತೊಳೆಯುತ್ತಿದ್ದನೆಂದು ಕಾಣುತ್ತದೆ. ನನಗೆ ಒಳಗೊಳಗೇ ಸಂತೋಷವಾಯಿತು. ಮೇಷ್ಟ್ರು ನಿವೃತ್ತರಾದಾಗ ನಮ್ಮಿಬ್ಬರ ಅಳತೆ ಪುಸ್ತಕವನ್ನು ಅವನಿಗೆ ಕೊಟ್ಟಿದ್ದರು. ಅದೂ ನನ್ನ ಹಳೆಯ ಸಂಕಟಗಳಲ್ಲೊಂದು. ಸುಮ್ಮನೆ ಕೇಳುವವನ ಹಾಗೆ ಅದರ ವಿಷಯ ತೆಗೆದೆ.

"ಇಲ್ಲೇ ಐತೆ ನೋಡು, ಅಕ್ಕನ ಮನೆ ಕಪಾಟಿನಾಗೆ," ಎಂದು ತಂದು ಕೈಗೆ ಕೊಟ್ಟ. "ತಗಂಡ್ಹೋಗು. ನಾ ಎಂತಾ ಮಾಡ್ಲಿ ಇಟ್ಕಂಡು? ಎಲ್ಲಾ ನೆನಪೈತೆ."

ಎಲ್ಲಾ ನೆನಪಿದೆಯಂತೆ. ಆ ಮಾತಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಪುಸ್ತಕ ತೊಡೆಯ ಮೇಲಿತ್ತು, ತೆರೆಯಲಿಲ್ಲ. ಮರುದಿನ ಹೇಳಬೇಕಾದದ್ದನ್ನು ಪುಸ್ತಕ ತಡೆದೀತು ಎಂಬ ಅಳುಕು ಆಗಲೇ ಇತ್ತೇ? ಇತ್ತೆಂದು ಈಗ ಅನ್ನಿಸುತ್ತದೆ. ಆದರೆ ಈ ಅನ್ನಿಸಿಕೆಯೂ ಆಮೇಲೆ ಸೇರಿದ್ದಿರಬಹುದು.

ಕಾರ್ಯಕ್ರಮಕ್ಕೆ ಮೊದಲು ಅವನು ಸ್ಟಾಫ್‌ರೂಮಿನಲ್ಲಿ ನನ್ನ ಮೇಜಿನೆದುರು ಕೂತ. ನೀರು ಕೇಳಿದ. ನಾನು ದಿನಾ ಕುಡಿಯುವ ಸ್ಟೀಲಿನ ಚೊಂಬನ್ನು ಅವನ ಮುಂದಿಟ್ಟೆ. ಅದು ಅವನ ಅಕ್ಕನ ಮದುವೆಯಲ್ಲಿ ಬಂದವರಿಗೆಲ್ಲ ಕೊಟ್ಟಿದ್ದ ಚೊಂಬು. ಹೋಗದಿದ್ದ ನನಗೂ ಒಂದನ್ನು ಅವನೇ ಲ್ಯಾಬಿಗೆ ತಂದುಕೊಟ್ಟಿದ್ದ. ಅವನು ಎತ್ತಿ ಕುಡಿದು, ಚೊಂಬನ್ನು ತಿರುಗಿಸಿ ಕತ್ತಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ನೋಡಿದ.

"ಇದಿನ್ನೂ ಇಟ್ಕಂಡಿದೀಯನಾ?" ಎಂದು ನನ್ನ ಮುಖ ನೋಡಿ ನಕ್ಕ. ಹಳೆಯ ಸಾಮಾನು ಬಿಸಾಡದವನೆಂದು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆ.

ಎರಡನೆಯ ಪರಿಚಯವನ್ನೇ ಓದಿದೆ. ಓದಿದೆ ಎನ್ನುವುದಕ್ಕಿಂತ, ಕಾಗದ ಮಡಚಿ ಜೇಬಿಗೆ ಹಾಕಿ ಮಾತಾಡಿದೆ. ಅವ್ವನ ಬಾಚಣಿಗೆಯನ್ನು ಟೆರಾಹರ್ಟ್ಸ್ ಅಲೆಯ ದಾರಿಗೆ ತಂದವನು ನಾನು, ಅದನ್ನು ಸೋಪು ಹಾಕಿ ತೊಳೆದು ಕೆಡಿಸಿದವರು ಈ ನಮ್ಮ ಅತಿಥಿಗಳು, ಒಣಗಿದ ಮೇಲೆ ಹೆಸರು ಬಂದದ್ದೂ ಅವರಿಗೇ ಎಂದೆ. ನಗುತ್ತಲೇ ಹೇಳಿದೆ. ಸಭಾಂಗಣ ಹೋ ಎಂದು ನಕ್ಕಿತು. ಪ್ರಾಂಶುಪಾಲರು ನಗಬೇಕೋ ಬೇಡವೋ ಎಂದು ಅತಿಥಿಯ ಮುಖ ನೋಡಿದರು. ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಎದ್ದು ನಿಂತು ಅವನು ಹೇಳಿದ್ದಿಷ್ಟು. "ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಬಾಚಣಿಗೆ ಅವರದ್ದೇ, ಯೋಚನೆನೂ ಅವರದ್ದೇ. ಆದ್ರೆ ತೊಳೆದವರಿಗೂ ಸ್ವಲ್ಪ ಮರ್ಯಾದೆ ಕೊಡಿ. ಒದ್ದೆ ಆಗದೆ ಇದ್ದಿದ್ರೆ ಒಣಗಿಸಿ ನೋಡೋಣ ಅನ್ನೋದು ನನಗೆ ಹೊಳೀತಿರ್ಲಿಲ್ಲ."

ಮತ್ತೆ ನಗು, ಚಪ್ಪಾಳೆ. ನೋಡಿ, ತಪ್ಪು ಮಾಡಿದ್ದಕ್ಕೂ ಮರ್ಯಾದೆ ಕೇಳುತ್ತಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷದಿಂದ ಕಾದಿದ್ದ ಮಾತನ್ನು ನಾನು ಹೇಳಿ ಮುಗಿಸಿದ್ದೆ. ಅವನು ಅದನ್ನು ಒಪ್ಪಿಕೊಂಡೂ ಇದ್ದ. ಆದರೂ ಊಟದ ಹೊತ್ತಿಗೆ ಹುಡುಗಿಯರೆಲ್ಲ ಸೆಲ್ಫಿಗೆ ಅವನ ಸುತ್ತಲೇ ನಿಂತಿದ್ದರು.

ಭಾನುವಾರ ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ನಿನ್ನ ಬಾಚಣಿಗೆಯ ಹೆಸರು ಕಾಲೇಜಿನಲ್ಲೆಲ್ಲ ಆಯಿತು ಎಂದು ಶುರುಮಾಡಿ, ಗೆಳೆಯ ತೊಳೆದ ಕಥೆಗೆ ಬಂದೆ. ಅವ್ವ ಮರಿ ಹಾಕಿದ ಕುರಿಗೆ ಸೊಪ್ಪು ಕಟ್ಟುತ್ತಿದ್ದವಳು ತಿರುಗಿ ನೋಡಿದಳು.

"ಯಾರು ತೊಳದ್ರು ಅಂದಿ?"

"ಅವನೇ ಅವ್ವ, ಸೊರಬದವನು. ನಲ್ಲಿ ಕೆಳಗೆ ಹಿಡಿದು."

"ಸುಳ್ಳು ಹೇಳಬ್ಯಾಡ. ಬಚ್ಚಲದಾಗ ಕುಂತು ತಿಕ್ಕಿದವ ನೀನು. ಹಣಿಗಿ ನೀರಿಗೆ ಹಾಕಬ್ಯಾಡೋ, ಹಲ್ಲು ಬಿಡತಾವು ಅಂತ ಬಡಕಂಡೆ. ಕೇಳಿದೇನು? 'ಅಲ್ಲಿ ದೊಡ್ಡೋರು ನೋಡ್ತಾರವ್ವ, ಹೇನಿನ ಮೊಟ್ಟಿ ಇದ್ರ ನನ್ನ ಮರ್ಯಾದಿ ಏನಾಗಬೇಕು' ಅಂದಿ."

"ನಿನಗೆ ನೆನಪು ತಪ್ಪಿದೆ."

"ಮಂಡಿ ಹೋಗೈತಿ, ನೆನಪು ಹೋಗಿಲ್ಲ. ನಿಮ್ಮಕ್ಕ ಮೈಗೆ ಹಚ್ಚಾಕಂತ ತಂದಿಟ್ಟಿದ್ದ ಹಸರು ಸೋಪು ಅರ್ಧಕ್ಕರ್ಧ ಕರಗಿಸಿದ್ದಿ. ಮುಂದಿನ ಸಲ ನೀ ಬಂದಾಗ ಅಕಿ ನಿನ್ನ ಜೋಡಿ ಎರಡು ದಿನ ಮಾತಾಡಲಿಲ್ಲ. ಒಣಗಾಕೂ ಬಿಡದಂಗ ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿಗಂಡು ಬಸ್ಸು ಹತ್ತಿ ಹೋದಿ."

ಹಸಿರು ಸೋಪು ಎಂದು ನಾನು ಅವ್ವನಿಗೆ ಹೇಳಿರಲಿಲ್ಲ.

ಶಿಕಾರಿಪುರಕ್ಕೆ ಮರಳಿದವನು ಅಳತೆ ಪುಸ್ತಕ ತೆರೆದೆ. ಪುಟ ಸಿಕ್ಕಿತು. ಮೇಲೆ ದಿನಾಂಕ. ಕೆಳಗೆ ನನ್ನ ಅಕ್ಷರದಲ್ಲಿ ಒಂದು ಸಾಲು: ಮರದ ಬಾಚಣಿಗೆ, ಬೆಳಿಗ್ಗೆ ತೊಳೆದದ್ದು, ಯಾವ ಕೋನದಲ್ಲೂ ಏನೂ ಇಲ್ಲ. ಅದರ ಕೆಳಗೆ, ಎಂಟು ದಿನಗಳ ನಂತರದ ದಿನಾಂಕ ಹಾಕಿ, ಗೆಳೆಯನ ಅಕ್ಷರ: ತೊಳೆದದ್ದು ಎಂದಿದೆ, ಅಂದರೆ ಒದ್ದೆ ಇದ್ದಿರಬೇಕು; ಒಣ ಪೆಟ್ಟಿಗೆಯಲ್ಲಿಟ್ಟು ಮತ್ತೆ ಅಳೆದೆ; ಹಲ್ಲು ಓರೆ ಮಾಡಿದರೆ ಉಬ್ಬು ಇದೆ. ಬಾಚಣಿಗೆ ಅವನದು ಎಂದೂ ಕೊನೆಗೆ ಬರೆದಿದ್ದ; ಅವನು ಎಂದರೆ ನಾನು.

ನಾನು 'ತೊಳೆದದ್ದು' ಎಂಬ ಒಂದು ಪದ ಬರೆಯದೆ ಹೋಗಿದ್ದರೆ ಅವನಿಗೆ ದಾರಿ ಸಿಗುತ್ತಿರಲಿಲ್ಲ. ಬರೆದವನಿಗೇ ಆ ಪದ ಏನು ಹೇಳುತ್ತಿದೆ ಎಂದು ಹೊಳೆದಿರಲಿಲ್ಲ. ನೀರು ಈ ಅಲೆಯನ್ನು ನುಂಗುತ್ತದೆ ಎಂಬುದು ನಮ್ಮ ಮೊದಲ ವರ್ಷದ ಪಾಠ. ಅವ್ವನ ಬಾಚಣಿಗೆಯ ಬಗ್ಗೆ ನನಗಿದ್ದ ನಾಚಿಕೆಯೂ ಕೊಳೆಯ ಜೊತೆಗೆ ಹೋಗಲಿ ಎಂದು ತಿಕ್ಕಿದವನಿಗೆ ಪಾಠ ನೆನಪಾಗಿರಲಿಕ್ಕಿಲ್ಲ.

ಮರುದಿನ ಎರಡನೇ ವರ್ಷದ ತರಗತಿಯಲ್ಲಿ ವಿಷಯ ತೆಗೆದೆ. ವೇದಿಕೆಯ ಮೇಲೆ ನಾನು ಹೇಳಿದ್ದು ತಪ್ಪಿರಬಹುದು, ತೊಳೆದವನು ನಾನೇ ಇರಬಹುದು ಎಂದು ಪುಸ್ತಕದ ಪುಟ ತೋರಿಸಿದೆ.  ತಾಳಗುಂದದ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ಯಾವುದನ್ನೂ ಹಾಗೇ ಒಪ್ಪದವಳು, ಎದ್ದು ನಿಂತಳು.

"ಹ್ಯಾಂಡ್‌ರೈಟಿಂಗ್ ನಿಮ್ಮದು ಸರಿ ಸರ್. ಆದ್ರ ಬೆಳಿಗ್ಗೆ ತೊಳೆದದ್ದು ಅಂತ ಐತಿ, ನಾನು ತೊಳೆದೆ ಅಂತ ಇಲ್ಲಲ್ರೀ. ಅವರು ತೊಳೆದದ್ದನ್ನ ನೀವು ಬರೆದಿರಬೌದು."

"ನಮ್ಮ ತಾಯಿ ಹೇಳಿದರು."

"ವಯಸ್ಸಾದೋರ ನೆನಪು ಸಾಕ್ಷಿ ಅಲ್ಲ ಅಂತ ಹೋದ ವಾರ ನೀವೇ ಹೇಳಿದ್ರಿ ಸರ್."

ಹುಡುಗರು ನಕ್ಕರು. ನಾನು ಅವಳನ್ನು ಹೊಗಳಿದೆ. ಹೊಗಳಿದ್ದು ಅವಳ ತರ್ಕಕ್ಕಲ್ಲ. ಎದೆಯಲ್ಲಿ ಸಣ್ಣದೊಂದು ಬಾಗಿಲು ಮತ್ತೆ ತೆರೆದುಕೊಂಡಿತ್ತು. ಹೌದಲ್ಲ, ಅವನೇ ತೊಳೆದಿರಬಹುದು. ಅವ್ವ ಇನ್ಯಾವುದೋ ಬಾಚಣಿಗೆಯ ಕಥೆ ಹೇಳುತ್ತಿರಬಹುದು. ಸೋಪಿನ ಬಣ್ಣವೇನು, ಆ ಕಾಲದಲ್ಲಿ ಹಸಿರು ಸೋಪು ಎಲ್ಲರ ಬಚ್ಚಲಲ್ಲೂ ಇರುತ್ತಿತ್ತು. ಅವನು ವೇದಿಕೆಯಲ್ಲಿ ಎದುರಾಡದೆ ನಕ್ಕನಲ್ಲ, ತಪ್ಪಿತಸ್ಥನಲ್ಲದೆ ಮತ್ಯಾರು ಹಾಗೆ ನಗುತ್ತಾರೆ? ಪಾಠ ಮುಗಿಸಿ ಹಗುರವಾಗಿ ಸ್ಟಾಫ್‌ರೂಮಿಗೆ ಬಂದೆ. ಗಂಟಲು ಒಣಗಿತ್ತು. ಚೊಂಬು ಎತ್ತಿದೆ.

ಇಷ್ಟು ವರ್ಷ ಅದರಲ್ಲಿ ನೀರು ಕುಡಿದಿದ್ದೇನೆ, ಕತ್ತಿನ ಸುತ್ತ ಕೊರೆದದ್ದನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಅವನು ತಿರುಗಿಸಿ ನೋಡಿ ನಕ್ಕದ್ದು ನೆನಪಾಗಿ ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಕನ ಹೆಸರು, ಭಾವನ ಹೆಸರು, ಸೊರಬ, ಮದುವೆಯ ದಿನಾಂಕ. ಚೀಲದಿಂದ ಅಳತೆ ಪುಸ್ತಕ ತೆಗೆದು ಆ ಪುಟವನ್ನು ಪಕ್ಕದಲ್ಲಿಟ್ಟೆ. ಅವನು ತನ್ನ ಅಕ್ಕನ ಧಾರೆಗೆ ನಿಂತಿದ್ದ ದಿನ, ಕುರಿಯ ಉಣ್ಣೆ ಕತ್ತರಿಸುವುದಿದೆ ಎಂದು ಸುಳ್ಳು ಹೇಳಿದ್ದ ನಾನು ಖಾಲಿ ಲ್ಯಾಬಿನಲ್ಲಿ ಒಬ್ಬನೇ ಬಾಚಣಿಗೆ ಅಳೆಯುತ್ತಿದ್ದೆ, ಅವನಿಗಿಂತ ಮೊದಲು ಕಾಣಬೇಕೆಂದು. ಅವನಿಗೆ ಇದು ಯಾವಾಗಿನಿಂದ ಗೊತ್ತು, ಗೊತ್ತಿದ್ದೂ ಹೇಗೆ ಸುಮ್ಮನಿದ್ದ ಎಂದು ಕೇಳಲು ಇನ್ನೂ ಫೋನ್ ಮಾಡಿಲ್ಲ. ಆ ಸುಮ್ಮನಿರುವಿಕೆಯೂ ನನಗಿಂತ ಮೊದಲು ಅವನಿಗೇ ಸಿಕ್ಕಿತಲ್ಲ ಎಂದು ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಚೊಂಬಿನ ಮೇಲಿನ ದಿನಾಂಕ, ಪುಟದ ಮೇಲೆ ನಾನು ಬರೆದ ದಿನಾಂಕ, ಎರಡೂ ಒಂದೇ.